ಕೊಳವೆ, ದೀಪ ಮತ್ತು ಗಿಡ: ಇನ್ನೂರು ವರ್ಷಗಳ ನಂಟು



ದೊಡ್ಡ ಊರುಗಳ ಗೃಹಾಲಂಕಾರದ ಅಂಗಡಿಗಳಲ್ಲಿ ಈಚೆಗೆ ಒಂದು ಬಗೆಯ ಮೇಜುದೀಪವನ್ನು ನೀವು ನೋಡಿರಬಹುದು. ಅದರ ಕಂಬ ಹಿತ್ತಾಳೆಯದಲ್ಲ, ಮರದ್ದೂ ಅಲ್ಲ. ನಲ್ಲಿ ರಿಪೇರಿಗೆ ಬರುವ ಪ್ಲಂಬರನ ಚೀಲದಲ್ಲಿ ಕಾಣುವ ಅರ್ಧ ಇಂಚಿನ ಕಬ್ಬಿಣದ ಪೈಪು ಅದು. ಎಲ್ಬೋ ಹಾಕಿ ಬಗ್ಗಿಸಿ, ಟೀ ಹಾಕಿ ಕವಲೊಡೆಸಿ, ತುದಿಗೆ ಒಂದು ಹೋಲ್ಡರು ಸಿಕ್ಕಿಸಿ ಬಲ್ಬು ಹಾಕಿರುತ್ತಾರೆ. ದೀಪ ಹೊತ್ತಿಸಲು ಹಳೆಯ ವಾಲ್ವಿನ ಚಕ್ರವನ್ನೇ ತಿರುಗಿಸಬೇಕು. ಬುಡದಲ್ಲೋ, ಕವಲಿನ ಬಾಯಲ್ಲೋ ಒಂದು ಮನಿ ಪ್ಲಾಂಟ್ ಅಥವಾ ಜರಿಗಿಡ ಜೀವಂತವಾಗಿ ಬೆಳೆಯುತ್ತಿರುತ್ತದೆ. ಗುಜರಿ ಅಂಗಡಿಯಿಂದ ತಂದ ಪೈಪುಗಳಿಂದಲೇ ಗಿರಾಕಿ ಕೇಳಿದ ಆಕಾರಕ್ಕೆ ಇಂಥ ದೀಪಗಳನ್ನು ಮಾಡಿಕೊಡುವ ಕಸುಬುದಾರರು ಇಂದು ಹಲವು ದೇಶಗಳಲ್ಲಿದ್ದಾರೆ.

ನೋಡಿದವರು ಇದನ್ನು ಇಂದಿನ ಶೋಕಿ ಎನ್ನುತ್ತಾರೆ. ಶೋಕಿ ಹೌದು. ಆದರೆ ಚರಿತ್ರೆಯ ವಿದ್ಯಾರ್ಥಿ ಅಷ್ಟಕ್ಕೇ ನಿಲ್ಲಬಾರದು. ಹಳೆಯ ಪೈಪಿನಿಂದ ದೀಪ ಮಾಡುವುದು ಹೊಸ ಉಪಾಯವೇನಲ್ಲ, ಅದಕ್ಕೆ ಇನ್ನೂರು ವರ್ಷಗಳ ಹಿಂದಿನ ಪೂರ್ವಜರಿದ್ದಾರೆ. ಹಾಗೆಯೇ ದೀಪವೂ ಗಿಡವೂ ಒಂದೇ ಮೇಜಿನ ಮೇಲೆ ಸ್ನೇಹದಿಂದ ಇರುವುದು ಎಲ್ಲ ಕಾಲದ ಮಾತೂ ಅಲ್ಲ. ಒಂದು ಶತಮಾನದ ಕಾಲ ಅವು ವೈರಿಗಳಾಗಿದ್ದವು. ಆ ವೈರ ಹೇಗೆ ಹುಟ್ಟಿತು, ಹೇಗೆ ತೀರಿತು ಎಂಬುದನ್ನು ತಿಳಿದರೆ ಕೈಗಾರಿಕಾ ಕ್ರಾಂತಿಯ ಒಂದು ಮುಖ್ಯ ಅಧ್ಯಾಯವೇ ನಮಗೆ ತಿಳಿದಂತಾಗುತ್ತದೆ.

ಹೆಸರಿನಲ್ಲೇ ಇರುವ ಗಿಡ

ಮೊದಲು ಪದಗಳನ್ನು ನೋಡೋಣ. ಉತ್ತರ ಕರ್ನಾಟಕದಲ್ಲಿ ನೀರಿನ ನಲ್ಲಿಗೆ ‘ನಳ’ ಎನ್ನುತ್ತಾರೆ. ಬಂದೂಕಿನ ಉದ್ದನೆಯ ಕೊಳವೆಗೆ ‘ನಳಿಗೆ’ ಎನ್ನುತ್ತೇವೆ. ಸಂಸ್ಕೃತದಲ್ಲಿ ನಳ ಎಂದರೆ ನೀರಿನ ಬದಿಯಲ್ಲಿ ಬೆಳೆಯುವ, ಒಳಗೆ ಟೊಳ್ಳಾದ ಒಂದು ಜಾತಿಯ ಜೊಂಡು. ಯುರೋಪಿನ ಭಾಷೆಗಳಲ್ಲಿಯೂ ಕಥೆ ಹೀಗೆಯೇ ಇದೆ. ಫಿರಂಗಿಗೆ ಇಂಗ್ಲಿಷಿನವರು ಹೇಳುವ ‘ಕ್ಯಾನನ್’ ಎಂಬ ಪದದ ಮೂಲವೂ ಜೊಂಡು ಎಂಬ ಅರ್ಥದ ಹಳೆಯ ಶಬ್ದವೇ. ಮನುಷ್ಯನಿಗೆ ಕೊಳವೆಯ ಮೊದಲ ಪಾಠ ಹೇಳಿದ್ದು ಗಿಡ.

ಪಾಠ ಹೇಳಿದ್ದಷ್ಟೇ ಅಲ್ಲ, ಗಿಡವೇ ಕೊಳವೆಯೂ ಆಯಿತು. ಚೀನಾದ ಸಿಚುವಾನ್ ಪ್ರಾಂತದಲ್ಲಿ ಉಪ್ಪುನೀರಿಗಾಗಿ ಆಳವಾದ ಬಾವಿಗಳನ್ನು ಕೊರೆಯುತ್ತಿದ್ದರು. ಅವುಗಳಿಂದ ಉರಿಯುವ ಅನಿಲವೂ ಹೊರಬರುತ್ತಿತ್ತು. ಬಿದಿರಿನ ಗಿಣ್ಣುಗಳನ್ನು ಒಳಗಿನಿಂದ ಒಡೆದು, ಬೊಂಬುಗಳನ್ನು ಒಂದಕ್ಕೊಂದು ಜೋಡಿಸಿ, ಆ ಅನಿಲವನ್ನು ಒಲೆಗಳವರೆಗೆ ಒಯ್ದು ಉಪ್ಪು ಕಾಯಿಸುತ್ತಿದ್ದರು. ಅಲ್ಲಿಯ ಜಿಗಾಂಗ್ ಎಂಬ ಊರಿನ ಷೆನ್‌ಹಾಯ್ ಬಾವಿ 1835ರಲ್ಲಿ ಒಂದು ಸಾವಿರ ಮೀಟರಿಗೂ ಮಿಕ್ಕಿ ಆಳಕ್ಕೆ ಇಳಿದಿತ್ತು. ಅನಿಲ ಸಾಗಿಸಿದ ಆ ಕೊಳವೆ ಒಂದು ಹುಲ್ಲಿನ ಜಾತಿಯ ಗಿಡ ಎಂಬುದನ್ನು ನೆನಪಿಡಿ.

ಬಂದೂಕಿನಿಂದ ದೀಪಕ್ಕೆ

ಈಗ ಇಂಗ್ಲೆಂಡಿಗೆ ಹೋಗೋಣ. ವಿಲಿಯಂ ಮರ್ಡಾಕ್ (1754–1839) ಎಂಬ ಸ್ಕಾಟ್ಲೆಂಡಿನ ಎಂಜಿನಿಯರು ಬೌಲ್ಟನ್ ಮತ್ತು ವಾಟ್ ಕಂಪನಿಯ ಉಗಿಯಂತ್ರಗಳನ್ನು ನೋಡಿಕೊಳ್ಳಲು ಕಾರ್ನ್‌ವಾಲಿನ ರೆಡ್ರುತ್ ಎಂಬ ಊರಿನಲ್ಲಿದ್ದ. ಕಲ್ಲಿದ್ದಲನ್ನು ಗಾಳಿಯಾಡದ ಪಾತ್ರೆಯಲ್ಲಿಟ್ಟು ಕಾಯಿಸಿದರೆ ಉರಿಯುವ ಅನಿಲ ಬರುತ್ತದೆ. ಆ ಅನಿಲವನ್ನು ಕೊಳವೆಯಲ್ಲಿ ಹರಿಸಿ 1792ರ ಸುಮಾರಿಗೆ ಆತ ತನ್ನ ಮನೆಯನ್ನು ಬೆಳಗಿಸಿದನೆಂದು ಚರಿತ್ರೆಕಾರರು ಬರೆಯುತ್ತಾರೆ. 1807ರಲ್ಲಿ ಫ್ರೆಡರಿಕ್ ವಿನ್ಸರ್ ಎಂಬ ಜರ್ಮನ್ ಮೂಲದ ಉತ್ಸಾಹಿ ಲಂಡನ್ನಿನ ಪಾಲ್ ಮಾಲ್ ಬೀದಿಯಲ್ಲಿ ಅನಿಲದೀಪಗಳನ್ನು ಉರಿಸಿ ತೋರಿಸಿದ. 1812ರಲ್ಲಿ ಸಾರ್ವಜನಿಕರಿಗೆ ಅನಿಲ ಒದಗಿಸುವ ಮೊದಲ ಕಂಪನಿಗೆ ಸನ್ನದು ದೊರೆಯಿತು. 1813ರ ಡಿಸೆಂಬರ್ 31ರ ರಾತ್ರಿ ವೆಸ್ಟ್‌ಮಿನ್‌ಸ್ಟರ್ ಸೇತುವೆ ಅನಿಲದೀಪದಿಂದ ಬೆಳಗಿತು.

ಅನಿಲವೇನೋ ಸಿಕ್ಕಿತು. ಅದನ್ನು ಮನೆಮನೆಗೆ ಒಯ್ಯಲು ಕೊಳವೆ ಎಲ್ಲಿ? ಬೀದಿಯ ಕೆಳಗಿನ ದೊಡ್ಡ ಕೊಳವೆಗಳನ್ನು ಎರಕ ಹೊಯ್ದು ಮಾಡಬಹುದಿತ್ತು. ಆದರೆ ಬೆರಳುಗಾತ್ರದ, ಉದ್ದವಾದ, ಸೋರದ ಕಬ್ಬಿಣದ ಕೊಳವೆಯನ್ನು ಅಗ್ಗವಾಗಿ ಮಾಡುವುದು ಯಾರಿಗೂ ತಿಳಿದಿರಲಿಲ್ಲ. ಆ ಕಾಲದಲ್ಲಿ ಇಂಥ ಕೊಳವೆಯನ್ನು ನಿಯತವಾಗಿ ಮಾಡುತ್ತಿದ್ದ ಕಸುಬುದಾರನೆಂದರೆ ಬಂದೂಕಿನ ನಳಿಗೆ ಮಾಡುವವನು. ನೆಪೋಲಿಯನ್ನನ ಯುದ್ಧಗಳು 1815ರಲ್ಲಿ ಮುಗಿದವು. ಬೇಡವಾದ ಬಂದೂಕುಗಳು ರಾಶಿ ಬಿದ್ದವು. ಅನಿಲದ ಕೆಲಸಗಾರರು ಆ ನಳಿಗೆಗಳನ್ನು ತುದಿಗೆ ತುದಿ ತಿರುಪಿ ಜೋಡಿಸಿ ಮನೆಗಳಿಗೆ ಅನಿಲ ಹರಿಸಿದರು. ಇಂಗ್ಲೆಂಡಿನ ಪ್ಲಂಬರುಗಳ ಮಾತಿನಲ್ಲಿ ಇಂಥ ಪೈಪಿಗೆ ‘ಬ್ಯಾರೆಲ್’, ಅಂದರೆ ಬಂದೂಕಿನ ನಳಿಗೆ, ಎಂಬ ಹೆಸರು ಬಹುಕಾಲ ಉಳಿದುಕೊಂಡಿತು. ಹೀಗೆ ಗುಜರಿ ಕೊಳವೆಯಿಂದ ದೀಪ ಮಾಡುವ ವಿದ್ಯೆ ಅನಿಲದೀಪದಷ್ಟೇ ಹಳೆಯದು. ಕೊಲ್ಲಲು ಮಾಡಿದ ವಸ್ತು ಓದುವ ಮೇಜಿಗೆ ಬೆಳಕು ತಂದದ್ದು ಅದರ ಮೊದಲ ಅಧ್ಯಾಯ.

ಹಳೆಯ ಬಂದೂಕುಗಳು ಎಷ್ಟು ದಿನ ಸಾಕಾದಾವು? 1825ರಲ್ಲಿ ವೆಡ್ನೆಸ್‌ಬರಿ ಎಂಬ ಊರಿನ ಕಾರ್ನೀಲಿಯಸ್ ವೈಟ್‌ಹೌಸ್ ಹೊಸ ವಿಧಾನಕ್ಕೆ ಪೇಟೆಂಟ್ ಪಡೆದ. ಕಬ್ಬಿಣದ ಉದ್ದನೆಯ ಪಟ್ಟಿಯನ್ನು ಬೆಳ್ಳಗೆ ಕಾಯಿಸಿ, ಗಂಟೆಯಾಕಾರದ ಬಾಯಿಯ ಮೂಲಕ ಎಳೆದರೆ ಅದರ ಎರಡು ಅಂಚುಗಳು ಕೂಡಿ ಬೆಸೆದುಕೊಂಡು ಕೊಳವೆಯಾಗುತ್ತಿತ್ತು. ಕೊಳವೆ ಅಗ್ಗವಾಯಿತು. 1837ರಲ್ಲಿ ಫ್ರಾನ್ಸಿನ ಸ್ಟಾನಿಸ್ಲಾಸ್ ಸೊರೆಲ್ ಕಬ್ಬಿಣಕ್ಕೆ ಕರಗಿದ ಸತುವಿನ ಲೇಪ ಕೊಟ್ಟು ತುಕ್ಕು ತಡೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ನಾವು ಜಿ.ಐ. ಪೈಪು ಎನ್ನುವುದು ಇದರ ಸಂತತಿ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ತಿರುಪಿನ ಸುತ್ತುಗಳಿಗೆ, ಅಂದರೆ ಥ್ರೆಡ್ಡುಗಳಿಗೆ, ಎಲ್ಲ ಕಾರ್ಖಾನೆಗಳೂ ಒಪ್ಪಬಹುದಾದ ಒಂದೇ ಅಳತೆ ಇರಬೇಕೆಂದು ಸೂಚಿಸಿ 55 ಡಿಗ್ರಿ ಕೋನದ ಸುತ್ತನ್ನು ಮುಂದಿಟ್ಟ. ಇಂದು ನಿಮ್ಮ ಬೀದಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಂಡ ಎಲ್ಬೋ ನಿಮ್ಮ ಅಜ್ಜನ ಕಾಲದ ಪೈಪಿಗೂ ಹೊಂದಿ ಕೂರುತ್ತದಷ್ಟೆ? ಅದಕ್ಕೆ ಕಾರಣ ವಿಟ್‌ವರ್ತನ ಸುತ್ತಿನಿಂದ ಬೆಳೆದ ಅಳತೆಯೇ ನಮ್ಮ ದೇಶದಲ್ಲಿಯೂ ನಿಂತಿರುವುದು. ಇನ್ನೊಂದು ವಿಚಿತ್ರವನ್ನೂ ಗಮನಿಸಿ. ‘ಅರ್ಧ ಇಂಚು’ ಎಂಬ ಪೈಪಿನ ಹೊರವ್ಯಾಸವನ್ನು ಅಳೆದು ನೋಡಿದರೆ 21 ಮಿಲಿಮೀಟರಿಗೂ ಹೆಚ್ಚು ಬರುತ್ತದೆ! ಆ ಹೆಸರು ಒಳಗಿನ ರಂಧ್ರದ ಲೆಕ್ಕದಿಂದ ಬಂದದ್ದು. ಬಂದೂಕನ್ನು ಅಳೆಯುವುದೂ ಹಾಗೆಯೇ.

ದೀಪ ಬಂತು, ರಾತ್ರಿ ಹೋಯಿತು

ಈ ದೀಪಗಳು ಮೊದಲು ಬೆಳಗಿದ್ದು ಯಾರ ಮನೆಯನ್ನು? ಬಹುಪಾಲು ಯಾರ ಮನೆಯನ್ನೂ ಅಲ್ಲ, ಗಿರಣಿಗಳನ್ನು. 1805ರ ನಂತರ ಮರ್ಡಾಕ್ ಸ್ಯಾಲ್ಫರ್ಡಿನ ಫಿಲಿಪ್ಸ್ ಮತ್ತು ಲೀ ಎಂಬುವರ ಹತ್ತಿ ಗಿರಣಿಗೆ ಅನಿಲದೀಪ ಹಾಕಿಸಿದ. 1808ರಲ್ಲಿ ರಾಯಲ್ ಸೊಸೈಟಿಗೆ ಸಲ್ಲಿಸಿದ ಪ್ರಬಂಧದಲ್ಲಿ ಆತ ಅದರ ಲೆಕ್ಕ ಕೊಟ್ಟಿದ್ದಾನೆ. ಸುಮಾರು 900 ಬರ್ನರುಗಳು, 2,500 ಮೇಣದ ಬತ್ತಿಗಳಿಗೆ ಸಮನಾದ ಬೆಳಕು. ಮೇಣದ ಬತ್ತಿಗೆ ವರ್ಷಕ್ಕೆ 2,000 ಪೌಂಡು ತಗಲುತ್ತಿದ್ದರೆ ಅನಿಲಕ್ಕೆ 600 ಪೌಂಡು ಸಾಕು. ಮಾಲೀಕರಿಗೆ ಇದಕ್ಕಿಂತ ಹಿತವಾದ ಲೆಕ್ಕ ಇನ್ನೇನು ಬೇಕು?

ಆದರೆ ಆ ಲೆಕ್ಕದಲ್ಲಿ ಬರೆಯದ ಒಂದು ಅಂಕಣವಿತ್ತು. ಅದು ದುಡಿಯುವವರ ನಿದ್ರೆ. ಹೊಲದಲ್ಲಿ ದುಡಿಯುವವನನ್ನು ಸೂರ್ಯನೇ ಮನೆಗೆ ಕಳಿಸುತ್ತಾನೆ. ಮಗ್ಗದವನೂ ಎಣ್ಣೆಯ ಬೆಲೆಗೆ ಹೆದರಿ ಬೇಗ ಏಳುತ್ತಾನೆ. ಅಗ್ಗದ ದೀಪ ಬಂದ ಮೇಲೆ ಗಿರಣಿಯ ಬಾಗಿಲು ಮುಚ್ಚಲು ಪ್ರಕೃತಿಯ ಕಾರಣವೇ ಉಳಿಯಲಿಲ್ಲ. ಆಗಿನ ಗಿರಣಿಗಳಲ್ಲಿ ಮಕ್ಕಳೂ ದುಡಿಯುತ್ತಿದ್ದರು ಎಂಬುದನ್ನು ಮರೆಯಬೇಡಿ. ಹದಿನೆಂಟು ತುಂಬದವರು ರಾತ್ರಿ 8.30ರಿಂದ ಬೆಳಗಿನ 5.30ರವರೆಗೆ ಬಟ್ಟೆ ಗಿರಣಿಗಳಲ್ಲಿ ದುಡಿಯಕೂಡದು ಎಂಬ ನಿಯಮ ಬರಲು 1833ರ ಕಾರ್ಖಾನೆ ಕಾಯಿದೆಯೇ ಬೇಕಾಯಿತು. ಈ ಪುಟ ಓದುತ್ತಿರುವ ನಿಮ್ಮಲ್ಲಿ ಹೆಚ್ಚಿನವರ ವಯಸ್ಸು ಅದೇ ಅಲ್ಲವೇ?

ನಮ್ಮ ದೇಶದಲ್ಲಿಯೂ ಇದೇ ನಡೆಯಿತು. ಮುಂಬಯಿಯ ಹತ್ತಿ ಗಿರಣಿಗಳು ಮೊದಲು ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ನಡೆಯುತ್ತಿದ್ದವು. ವಿದ್ಯುದ್ದೀಪ ಬಂದ ಮೇಲೆ, ವಿಶೇಷವಾಗಿ 1905ರ ಸುಮಾರಿನ ಲಾಭದ ವರ್ಷಗಳಲ್ಲಿ, ದುಡಿಮೆ ದಿನಕ್ಕೆ ಹದಿನಾಲ್ಕು ಹದಿನೈದು ಗಂಟೆಗಳವರೆಗೆ ಬೆಳೆಯಿತು. ಕೆಲಸಗಾರರು ಪ್ರತಿಭಟಿಸಿದರು. ಆಯೋಗ ನೇಮಕವಾಯಿತು. ಕೊನೆಗೆ 1911ರ ಕಾಯಿದೆ ಬಟ್ಟೆ ಗಿರಣಿಗಳ ವಯಸ್ಕ ಗಂಡಸರ ದುಡಿಮೆಯನ್ನು ದಿನಕ್ಕೆ ಹನ್ನೆರಡು ಗಂಟೆಗೆ ಮಿತಿಗೊಳಿಸಿತು. ಕಾರ್ಖಾನೆಯ ದೀಪವನ್ನು ಚೆಂದ ಎನ್ನುವ ಮೊದಲು ಅದರ ಕೆಳಗೆ ನಿಂತಿದ್ದವರನ್ನು ನೆನೆಯುವುದು ಚರಿತ್ರೆ ಓದುವವರ ಕರ್ತವ್ಯ.

ಅನಿಲದ ಮನೆಯಲ್ಲಿ ಗಿಡ

ಈಗ ಗಿಡದ ಸರದಿ. ಹತ್ತೊಂಬತ್ತನೆಯ ಶತಮಾನದ ನಡುವೆ ಅನಿಲದೀಪ ಇಂಗ್ಲೆಂಡಿನ ಮಧ್ಯಮ ವರ್ಗದವರ ಮನೆಗಳಿಗೂ ಬಂತು. ಬೆಳಕಿನ ಜೊತೆಗೆ ಶಾಖ, ಮಸಿ ಮತ್ತು ಗಂಧಕದ ಹೊಗೆಯೂ ಬಂತು. ಪರದೆಗಳು ಕಪ್ಪಾದವು. ಕುಂಡದ ಗಿಡಗಳು ಎಲೆ ಉದುರಿಸಿ ಸತ್ತವು. ಬದುಕಿ ಉಳಿದವುಗಳಲ್ಲಿ ಪ್ರಸಿದ್ಧವಾದದ್ದು ಆಸ್ಪಿಡಿಸ್ಟ್ರಾ ಎಂಬ ಅಗಲ ಎಲೆಯ ಏಷ್ಯಾದ ಗಿಡ. ಮಂದ ಬೆಳಕು, ಕೆಟ್ಟ ಗಾಳಿ ಎರಡನ್ನೂ ತಾಳಿಕೊಂಡದ್ದಕ್ಕೆ ಅದಕ್ಕೆ ‘ಎರಕದ ಕಬ್ಬಿಣದ ಗಿಡ’ ಎಂಬ ಹೆಸರೇ ಬಿತ್ತು! ಕೊಳವೆಯ ಪಕ್ಕದಲ್ಲಿ ಬದುಕಬೇಕಾದರೆ ಗಿಡವೂ ಕಬ್ಬಿಣವಾಗಬೇಕಿತ್ತು.

ಇನ್ನೊಂದು ಉಪಾಯ ಗಾಜಿನದು. ಲಂಡನ್ನಿನ ಪೂರ್ವಭಾಗದಲ್ಲಿ ನೆಥೇನಿಯಲ್ ಬ್ಯಾಗ್‌ಷಾ ವಾರ್ಡ್ (1791–1868) ಎಂಬ ವೈದ್ಯನಿದ್ದ. ಅವನ ತೋಟದ ಜರಿಗಿಡಗಳು ನಗರದ ಹೊಗೆಗೆ ಸಾಯುತ್ತಿದ್ದವು. 1829ರಲ್ಲಿ ಆತ ಒಂದು ಪತಂಗದ ಕೋಶವನ್ನು ಒದ್ದೆ ಮಣ್ಣಿನ ಜೊತೆ ಗಾಜಿನ ಸೀಸೆಯಲ್ಲಿಟ್ಟು ಮುಚ್ಚಿದ. ಅದರಲ್ಲಿ ತಾನಾಗಿಯೇ ಒಂದು ಜರಿಗಿಡ ಮತ್ತು ಒಂದು ಹುಲ್ಲು ಮೊಳೆತವು. ಹಗಲಿನ ಬಿಸಿಗೆ ಮಣ್ಣಿನ ತೇವ ಆವಿಯಾಗಿ ಗಾಜಿಗೆ ತಗಲಿ, ಹನಿಯಾಗಿ ಮತ್ತೆ ಮಣ್ಣಿಗೆ ಇಳಿಯುತ್ತಿತ್ತು. ಹೊರಗಿನ ಹೊಗೆ ಒಳಗೆ ಬರುತ್ತಿರಲಿಲ್ಲ. ಹೀಗೆ ಹುಟ್ಟಿದ ‘ವಾರ್ಡನ ಪೆಟ್ಟಿಗೆ’ಗಳನ್ನು 1833ರಲ್ಲಿ ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಕಳಿಸಿ ನೋಡಿದರು. ತಿಂಗಳುಗಟ್ಟಲೆ ಪ್ರಯಾಣವಾದರೂ ಗಿಡಗಳು ಬದುಕಿದ್ದವು.

ಈ ಪೆಟ್ಟಿಗೆಗಳು ಕೇವಲ ಬೈಠಕ್‌ಖಾನೆಯ ಅಲಂಕಾರವಾಗಿ ಉಳಿಯಲಿಲ್ಲ. ರಾಬರ್ಟ್ ಫಾರ್ಚೂನ್ 1851ರಲ್ಲಿ ಚೀನಾದಿಂದ ಸುಮಾರು 20,000 ಚಹಾ ಸಸಿಗಳನ್ನು ಭಾರತಕ್ಕೆ ತಂದದ್ದು ಇವುಗಳಲ್ಲಿ. 1860ರ ನಂತರ ದಕ್ಷಿಣ ಅಮೆರಿಕದ ಸಿಂಕೋನಾ, ಅಂದರೆ ಕ್ವಿನೈನಿನ ಮರ, ನಮ್ಮ ನೆರೆಯ ನೀಲಗಿರಿಗೆ ಬಂದದ್ದೂ ಹೀಗೆಯೇ. 1876ರಲ್ಲಿ ರಬ್ಬರಿನ ಸುಮಾರು 1,900 ಸಸಿಗಳು ಲಂಡನ್ನಿನ ಕ್ಯೂ ತೋಟದಿಂದ ಸಿಂಹಳಕ್ಕೆ ಹೋದವು. ಕಲ್ಲಿದ್ದಲಿನ ಹೊಗೆಯಿಂದ ಒಂದು ಜರಿಗಿಡವನ್ನು ಕಾಪಾಡಿದ ಗಾಜು ಒಂದು ಸಾಮ್ರಾಜ್ಯದ ತೋಟಗಾರಿಕೆಗೆ ಸಾಧನವಾಯಿತು. ಅದರ ಹಿಂದೆಯೇ ತೋಟದ ಕೂಲಿಗಳ ಕಷ್ಟದ ಕಥೆಯೂ ಬಂತು.

ಕಬ್ಬಿಣ, ಗಾಜು ಮತ್ತು ಗಿಡ ಈ ಮೂರರ ಸೇರುವಿಕೆಯನ್ನು ನೋಡಲು ನೀವು ಲಂಡನ್ನಿಗೆ ಹೋಗಬೇಕಾಗಿಲ್ಲ. ಬೆಂಗಳೂರಿನ ಲಾಲ್‌ಬಾಗಿನ ಗಾಜಿನಮನೆಗೆ 1889ರಲ್ಲಿ ಶಂಕುಸ್ಥಾಪನೆಯಾಯಿತು. ಅದರ ಕಬ್ಬಿಣದ ಕಂಬ ಕಮಾನುಗಳನ್ನು ಎರಕ ಹೊಯ್ದದ್ದು ಗ್ಲಾಸ್ಗೊ ನಗರದ ಮ್ಯಾಕ್‌ಫರ್ಲೇನ್ ಕಂಪನಿಯ ಸ್ಯಾರಸೆನ್ ಕಾರ್ಖಾನೆ. ಬೀದಿಯ ದೀಪದ ಕಂಬಗಳನ್ನು ಮಾಡಿ ಊರೂರಿಗೆ ಕಳಿಸುತ್ತಿದ್ದ ಎರಕದ ಮನೆಯೂ ಅದೇ.

ಬಟಾಣಿ ಸಸಿ ಹೇಳಿದ ಸಾಕ್ಷಿ

ಅನಿಲ ಗಿಡವನ್ನು ಕೊಲ್ಲುವುದು ಹೊಗೆಯಿಂದ ಮಾತ್ರವೇ? ಬೀದಿಯ ಅನಿಲದ ಕೊಳವೆ ಸೋರಿದ ಕಡೆ ಮರಗಳು ಅಕಾಲದಲ್ಲಿ ಎಲೆ ಉದುರಿಸುತ್ತಿದ್ದುದನ್ನು 1864ರಲ್ಲೇ ಫ್ರಾನ್ಸಿನ ಗಿರಾರ್ದೆನ್ ವರದಿ ಮಾಡಿದ್ದ. ಅಲ್ಲಿ ಬೆಂಕಿಯೇ ಇರಲಿಲ್ಲ. ಹಾಗಾದರೆ ವಿಷ ಯಾವುದು?

ಉತ್ತರ ಬಂದದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಿಂದ. ದಿಮಿತ್ರಿ ನೆಲ್ಯುಬೊವ್ ಎಂಬ ಯುವಕ ಪ್ರಯೋಗಶಾಲೆಯ ಕತ್ತಲಲ್ಲಿ ಬಟಾಣಿ ಸಸಿ ಬೆಳೆಸುತ್ತಿದ್ದ. ಸಸಿಗಳು ನೆಟ್ಟಗೆ ಮೇಲೇಳದೆ ಗಿಡ್ಡವಾಗಿ, ದಪ್ಪವಾಗಿ, ಅಡ್ಡಡ್ಡ ಬೆಳೆದವು. ಹೊರಗಿನ ಶುದ್ಧ ಗಾಳಿ ಕೊಟ್ಟರೆ ನೆಟ್ಟಗಾಗುತ್ತಿದ್ದವು. ಆತ ಪ್ರಯೋಗಶಾಲೆಯ ಗಾಳಿಯನ್ನೇ ಸಂದೇಹಿಸಿ, ಅದರಲ್ಲಿ ಸೇರಿದ್ದ ದೀಪದ ಅನಿಲದ ಅಂಶಗಳನ್ನು ಒಂದೊಂದಾಗಿ ಪರೀಕ್ಷಿಸಿ, ತಪ್ಪಿತಸ್ಥ ಎಥಿಲೀನ್ ಎಂದು 1901ರಲ್ಲಿ ಪ್ರಕಟಿಸಿದ. 1934ರಲ್ಲಿ ರಿಚರ್ಡ್ ಗೇನ್ ಹಣ್ಣಾಗುವ ಸೇಬುಗಳೇ ಎಥಿಲೀನನ್ನು ಹೊರಬಿಡುತ್ತವೆ ಎಂದು ತೋರಿಸಿಕೊಟ್ಟ. ದೀಪದ ಕೊಳವೆಯಿಂದ ಸೋರಿದ ವಿಷ ಎಂದುಕೊಂಡದ್ದು ಗಿಡಗಳ ಒಳಗಿನ ಸ್ವಂತ ಹಾರ್ಮೋನೇ ಆಗಿತ್ತು!

ಇದರ ನಂಟು ನಮ್ಮ ಮಾವಿನ ಮಂಡಿಗೂ ಇದೆ. ಕಾಯಿಗಳನ್ನು ಬೇಗ ಹಣ್ಣು ಮಾಡಲು ಕೆಲವರು ಇಡುವ ಕ್ಯಾಲ್ಸಿಯಂ ಕಾರ್ಬೈಡಿನಿಂದ ಹೊರಡುವುದು ಅಸಿಟಿಲೀನ್. ಹಿಂದೆ ಸೈಕಲ್ಲಿನ ಮತ್ತು ಗಣಿಯ ಕಾರ್ಬೈಡ್ ದೀಪಗಳಲ್ಲಿ ಉರಿಯುತ್ತಿದ್ದ ಅನಿಲ ಅದೇ. ಅದು ಎಥಿಲೀನನ್ನು ಹೋಲುವುದರಿಂದ ಕಾಯಿ ಮೋಸಹೋಗಿ ಬಣ್ಣ ತಿರುಗುತ್ತದೆ. ಆದರೆ ಆರ್ಸೆನಿಕ್ ಮುಂತಾದ ಕಲ್ಮಷಗಳ ಅಪಾಯ ಇರುವುದರಿಂದ ಭಾರತದಲ್ಲಿ ಹಣ್ಣು ಮಾಡಲು ಕಾರ್ಬೈಡ್ ಬಳಸುವುದು ನಿಷಿದ್ಧ. ನಿಗದಿತ ಪ್ರಮಾಣದ ಎಥಿಲೀನ್ ಅನಿಲಕ್ಕೆ ಅನುಮತಿ ಇದೆ.

ಕೊಳವೆಯೊಳಗೆ ತಂತಿ

1879ರಲ್ಲಿ ಇಂಗ್ಲೆಂಡಿನ ಸ್ವಾನ್ ಮತ್ತು ಅಮೆರಿಕದ ಎಡಿಸನ್ ಬೇರೆ ಬೇರೆಯಾಗಿ ಬಳಸಬಹುದಾದ ವಿದ್ಯುತ್ ಬಲ್ಬನ್ನು ತೋರಿಸಿದರು. ಹೊಸ ದೀಪ ಬಂದಾಗ ಹಳೆಯ ಕೊಳವೆಯನ್ನು ಏನು ಮಾಡುವುದು? ಗೋಡೆ ಒಡೆದು ಹೊಸ ಮಾರ್ಗ ಮಾಡುವುದು ದುಬಾರಿ. ಎಷ್ಟೋ ಮನೆಗಳಲ್ಲಿ ಅನಿಲದ ಕೊಳವೆಯ ತುದಿಗೇ ವಿದ್ಯುದ್ದೀಪದ ಗೊಂಚಲನ್ನು ತಿರುಪಿದರು. ಕೆಲವೆಡೆ ಅನಿಲ ನಿಂತ ಕೊಳವೆಯ ಒಳಗೇ ತಂತಿ ಎಳೆದರು. ಮೇಲ್ಮುಖವಾಗಿ ಅನಿಲದ ಜ್ವಾಲೆ, ಕೆಳಮುಖವಾಗಿ ವಿದ್ಯುತ್ ಬಲ್ಬು, ಹೀಗೆ ಎರಡೂ ಇರುವ ಜೋಡಿ ದೀಪಗಳನ್ನೂ ಮಾರುತ್ತಿದ್ದರು. ಕರೆಂಟು ಕೈಕೊಟ್ಟರೆ ಅನಿಲ ಇರಲಿ ಎಂಬ ಮುಂಜಾಗ್ರತೆ! ಅಮೆರಿಕದಲ್ಲಿ ದೀಪದ ಬಿಡಿಭಾಗಗಳ ತಿರುಪಿನ ಅಳತೆ ಇಂದಿಗೂ ಅನಿಲ ಪೈಪಿನದೇ ಆಗಿರುವುದು ಈ ಹಳೆಯ ಬಾಡಿಗೆ ಮನೆಯ ನೆನಪು. ಹಾಗಾಗಿ ಪೈಪಿನೊಳಗೆ ತಂತಿ ಎಳೆದು ಬಲ್ಬು ಹಾಕುವ ಇಂದಿನ ಕುಶಲಕರ್ಮಿ ತನ್ನ ಮುತ್ತಜ್ಜಂದಿರ ಕೆಲಸವನ್ನೇ ಮಾಡುತ್ತಿದ್ದಾನೆ.

ಭಾರತದಲ್ಲಿ ಕಲ್ಕತ್ತೆಯ ಬೀದಿಗಳು 1857ರಲ್ಲಿ ಅನಿಲದೀಪ ಕಂಡವು. ಮುಂಬಯಿ 1860ರ ದಶಕದಲ್ಲಿ ಕಂಡಿತು. ಬೆಂಗಳೂರಿನ ಬೀದಿಗಳು ಸೀಮೆಎಣ್ಣೆ ದೀಪದಿಂದ ನೇರವಾಗಿ ವಿದ್ಯುತ್ತಿಗೆ ಜಿಗಿದವು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನಲ್ಲಿ ವಿದ್ಯುತ್ ಬೀದಿದೀಪ ಹೊತ್ತಿತು. ಇಲ್ಲಿಯೂ ಕ್ರಮವನ್ನು ಗಮನಿಸಿ: ಮೊದಲು ಗಣಿ, ಆಮೇಲೆ ನಗರ. ಹೀಗಾಗಿ ನಮ್ಮ ಊರುಗಳಲ್ಲಿ ಪೈಪು ಎಂದರೆ ಅನಿಲವಲ್ಲ, ನೀರು. ಈಗ ಮನೆ ಮನೆಗಳಲ್ಲಿ ಜಿ.ಐ. ಪೈಪು ಕಿತ್ತು ಪ್ಲಾಸ್ಟಿಕ್ ಪೈಪು ಹಾಕಿಸುತ್ತಿದ್ದಾರೆ. ಗುಜರಿ ಅಂಗಡಿಗೆ ಹಳೆಯ ಪೈಪು ಬರುವ ದಾರಿ ಇದು.

ದೀಪವೇ ಸೂರ್ಯನಾದಾಗ

ವಿದ್ಯುತ್ತು ಬಂದಮೇಲೆ ದೀಪಕ್ಕೂ ಗಿಡಕ್ಕೂ ಇದ್ದ ಹಳೆಯ ವೈರ ತೀರುವ ಕಾಲ ಬಂತು. 1880ರಲ್ಲಿ ವಿಲಿಯಂ ಸೀಮೆನ್ಸ್ ಎಂಬ ಎಂಜಿನಿಯರು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಒಂದು ಪ್ರಯೋಗವನ್ನು ವಿವರಿಸಿದ. ಅದು ಎಷ್ಟು ಸರಳವೆಂದರೆ ನಿಮ್ಮ ಶಾಲೆಯಲ್ಲಿಯೇ ಮಾಡಬಹುದು. ಬೇಗ ಬೆಳೆಯುವ ಗಿಡಗಳ ಕುಂಡಗಳನ್ನು ನಾಲ್ಕು ಗುಂಪು ಮಾಡಿದ. ಒಂದು ಪೂರ್ತಿ ಕತ್ತಲಲ್ಲಿ, ಒಂದು ವಿದ್ಯುದ್ದೀಪದ ಬೆಳಕಿನಲ್ಲಿ ಮಾತ್ರ, ಒಂದು ಹಗಲ ಬೆಳಕಿನಲ್ಲಿ ಮಾತ್ರ, ಇನ್ನೊಂದು ಹಗಲು ಬಿಸಿಲಿನಲ್ಲೂ ರಾತ್ರಿ ದೀಪದಲ್ಲೂ. ಕತ್ತಲಿನವು ಬಿಳಿಚಿಕೊಂಡವು. ದೀಪ ಮಾತ್ರ ಕಂಡವು ತಿಳಿ ಹಸಿರಾದವು. ಹಗಲು ಕಂಡವು ಕಡುಹಸಿರಾದವು. ಎರಡೂ ಕಂಡವು ಎಲ್ಲಕ್ಕಿಂತ ಹುಲುಸಾದವು. ಬರಿಯ ಆರ್ಕ್ ದೀಪ ಎಲೆಗಳನ್ನು ಸುಡುತ್ತದೆ, ನಡುವೆ ಗಾಜು ಇಟ್ಟರೆ ಹಾನಿ ತಪ್ಪುತ್ತದೆ ಎಂಬುದನ್ನೂ ಆತ ಕಂಡುಕೊಂಡ. ಮುಂದೆ ಅಮೆರಿಕದ ಕಾರ್ನೆಲ್‌ನಲ್ಲಿ ಲಿಬರ್ಟಿ ಹೈಡ್ ಬೇಲಿ 1890ರ ದಶಕದಲ್ಲಿ ಲೆಟ್ಯೂಸ್ ಸೊಪ್ಪನ್ನು ಹೀಗೆ ಬೇಗ ಬೆಳೆಸಿ ತೋರಿಸಿದ.

1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಇನ್ನೊಂದು ಗುಟ್ಟು ಬಿಡಿಸಿದರು. ಗಿಡ ಯಾವಾಗ ಹೂಬಿಡಬೇಕು ಎಂಬುದನ್ನು ಹಗಲು ರಾತ್ರಿಗಳ ಉದ್ದ ನೋಡಿ ನಿರ್ಧರಿಸುತ್ತದೆ. ಇದರ ಫಲವನ್ನು ಚಿಕ್ಕಬಳ್ಳಾಪುರದ ಸುತ್ತಿನ ಸೇವಂತಿಗೆ ಹೊಲಗಳಲ್ಲಿ ರಾತ್ರಿ ನೋಡಬಹುದು. ಸಾಲು ಸಾಲು ಬಲ್ಬುಗಳು ಹೊಲದ ಮೇಲೆ ಉರಿಯುತ್ತಿರುತ್ತವೆ. ಸೇವಂತಿಗೆ ದೀರ್ಘ ರಾತ್ರಿ ಸಿಕ್ಕಾಗ ಮೊಗ್ಗು ಬಿಡುವ ಗಿಡ. ರೈತ ದೀಪ ಹಚ್ಚಿ ರಾತ್ರಿಯನ್ನು ತುಂಡರಿಸಿ, ಗಿಡ ಎತ್ತರಕ್ಕೆ ಬೆಳೆಯುವವರೆಗೆ ಹೂವನ್ನು ತಡೆಯುತ್ತಾನೆ.

ಆದರೂ ಮೇಜುದೀಪದ ಪಕ್ಕದಲ್ಲಿ ಗಿಡವಿಡುವುದು ಸುಲಭವಾಗಿರಲಿಲ್ಲ. ತಂತು ಬಲ್ಬು ತಾನು ಪಡೆದ ವಿದ್ಯುತ್ತಿನ ಬಹುಪಾಲನ್ನು ಶಾಖವಾಗಿ ಹೊರಹಾಕುತ್ತದೆ. ಹತ್ತಿರದ ಎಲೆ ಬಾಡುತ್ತದೆ. ಎಲ್‌ಇಡಿ ಬಂದು ಈ ಅಡ್ಡಿ ತೆಗೆಯಿತು. 1995ರಲ್ಲಿ ಕೊಲಂಬಿಯಾ ಗಗನನೌಕೆಯಲ್ಲಿ ಎಲ್‌ಇಡಿ ಬೆಳಕಿನಲ್ಲಿ ಆಲೂಗಡ್ಡೆಯ ಪುಟ್ಟ ಗೆಡ್ಡೆಗಳನ್ನು ಬೆಳೆಸಿದರು. ನೀಲಿ ಎಲ್‌ಇಡಿಯನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಾಮುರ ಅವರಿಗೆ 2014ರ ನೊಬೆಲ್ ಪ್ರಶಸ್ತಿ ಬಂತು. ಎಲೆಯ ಹರಿತ್ತು ಹೆಚ್ಚಾಗಿ ಹೀರುವುದು ಕೆಂಪು ಮತ್ತು ನೀಲಿ ಬೆಳಕನ್ನು. ಎರಡನ್ನೂ ತಣ್ಣಗೆ ಕೊಡಬಲ್ಲ ದೀಪ ಕೊನೆಗೂ ಗಿಡಕ್ಕೆ ಮಿತ್ರನಾಯಿತು.

ಗಿರಣಿಯಿಂದ ಬೈಠಕ್‌ಖಾನೆಗೆ

ಕಾರ್ಖಾನೆಯ ಪೈಪು ಮನೆಯ ಅಲಂಕಾರವಾದದ್ದು ಹೇಗೆ? ನ್ಯೂಯಾರ್ಕಿನ ಸೊಹೊ ಭಾಗದಲ್ಲಿ ಕಾರ್ಖಾನೆಗಳು ಖಾಲಿಯಾಗುತ್ತಾ ಬಂದಾಗ, 1960ರ ದಶಕದಲ್ಲಿ, ಕಡಿಮೆ ಬಾಡಿಗೆಯ ಆ ಮಹಡಿಗಳಿಗೆ ಕಲಾವಿದರು ಬಂದು ನೆಲೆಸಿದರು. ಬರಿಯ ಇಟ್ಟಿಗೆ ಗೋಡೆ, ಹೊರಗೆ ಕಾಣುವ ಪೈಪು, ಕಾರ್ಖಾನೆಯ ದೀಪ ಇವುಗಳನ್ನು ಮುಚ್ಚಲು ಅವರಲ್ಲಿ ಹಣವಿರಲಿಲ್ಲ. ಬರಬರುತ್ತಾ ಆ ಬಡತನವೇ ಒಂದು ಶೈಲಿಯಾಯಿತು. 1978ರಲ್ಲಿ ಜೋನ್ ಕ್ರಾನ್ ಮತ್ತು ಸುಝಾನ್ ಸ್ಲೆಸಿನ್ ಇದರ ಬಗ್ಗೆ ಪುಸ್ತಕವನ್ನೇ ಬರೆದರು. ಬಾಡಿಗೆ ಏರಿತು, ಎಷ್ಟೋ ಕಲಾವಿದರು ಹೊರಬೀಳಬೇಕಾಯಿತು. ಗಿರಣಿ ನಿಂತಾಗ ದುಡಿಯುವವನ ಅನ್ನ ಹೋಯಿತು, ಅವನ ತಲೆಯ ಮೇಲಿದ್ದ ದೀಪ ಮಾತ್ರ ಬೆಲೆಬಾಳುವ ವಸ್ತುವಾಯಿತು. ನಮ್ಮ ಕೋಲಾರದ ಗಣಿ 2001ರಲ್ಲಿ ಮುಚ್ಚಿದ್ದನ್ನು ಬಲ್ಲ ನಮಗೆ ಈ ಮಾತು ಅರ್ಥವಾಗುವುದು ಕಷ್ಟವಲ್ಲ.

ನೀವೇ ಮಾಡುವುದಾದರೆ

ಇಂಥ ದೀಪವನ್ನು ಮಾಡಿ ನೋಡಲು ನಿಮ್ಮಲ್ಲಿ ಕೆಲವರಿಗೆ ಆಸೆಯಾದೀತು. ಚರಿತ್ರೆ ಕಲಿಸಿದ ಪಾಠಗಳೇ ಇಲ್ಲಿಯೂ ಉಪಯೋಗಕ್ಕೆ ಬರುತ್ತವೆ. ತಿಳಿದ ಎಲೆಕ್ಟ್ರಿಷಿಯನ್ ಅಥವಾ ಅಧ್ಯಾಪಕರು ಜೊತೆಗಿರಲಿ. ಹಳೆಯ ಪೈಪನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ತೊಳೆದು ಒಣಗಿಸಿ. ಸತುವಿನ ಲೇಪವಿರುವ ಪೈಪನ್ನು ಕಾಯಿಸಬೇಡಿ, ವೆಲ್ಡಿಂಗ್ ಮಾಡಿಸಬೇಡಿ. ಅದರ ಹೊಗೆ ಜ್ವರ ತರುತ್ತದೆ. ಕೊಯ್ದ ತುದಿಯ ಒಳ ಅಂಚನ್ನು ಅರದಿಂದ ನುಣುಪು ಮಾಡದಿದ್ದರೆ ತಂತಿಯ ಹೊದಿಕೆ ಕೊಯ್ದು ಇಡೀ ಕಂಬಕ್ಕೆ ವಿದ್ಯುತ್ ಹರಿಯುತ್ತದೆ. ಕಬ್ಬಿಣ ವಿದ್ಯುತ್ತಿನ ವಾಹಕ, ನಮ್ಮದು 230 ವೋಲ್ಟಿನ ಕರೆಂಟು. ಆದ್ದರಿಂದ ಮೂರು ತಂತಿಯ ಕೇಬಲನ್ನೇ ಬಳಸಿ, ಹಸಿರು ತಂತಿಯನ್ನು ಪೈಪಿಗೆ ಬಿಗಿಯಾಗಿ ಕಟ್ಟಿ, ಅರ್ತ್ ಇರುವ ಮೂರು ಪಿನ್ನಿನ ಸಾಕೆಟ್ಟಿಗೇ ಹಾಕಬೇಕು.

ಗಿಡಕ್ಕೆ ಬೇರೆಯೇ ಕುಂಡ ಇರಲಿ. ನೀರು ಹಾಕುವಾಗ ಅದನ್ನು ಎತ್ತಿ ದೂರ ಒಯ್ದು, ನೀರು ಬಸಿದ ಮೇಲೆ ತನ್ನಿ. ತಂತಿ ಹೋಗುವ ಪೈಪಿನೊಳಗೆ ಮಣ್ಣಾಗಲಿ ನೀರಾಗಲಿ ಸೇರಕೂಡದು. ಬಲ್ಬು ಎಲ್‌ಇಡಿ ಆಗಿರಲಿ. ಮಂದ ಬೆಳಕನ್ನು ತಾಳುವ ಮನಿ ಪ್ಲಾಂಟ್, ಜರಿಗಿಡ, ಆಸ್ಪಿಡಿಸ್ಟ್ರಾಗಳನ್ನು ಆರಿಸಿಕೊಳ್ಳಿ. ಆದರೂ ದೀಪವನ್ನೇ ಸೂರ್ಯ ಎಂದು ನಂಬಿಸಬೇಡಿ. ದಿನಕ್ಕೆ ಕೆಲವು ಗಂಟೆ ಕಿಟಕಿಯ ಬೆಳಕು ಸಿಗಲಿ. ರಾತ್ರಿ ದೀಪ ಆರಿಸಿ. ನಿಮ್ಮಂತೆ ಗಿಡಕ್ಕೂ ಕತ್ತಲೆ ಬೇಕು.

ಕೊನೆಯದಾಗಿ ಒಂದು ಮಾತು. ಗುಜರಿ ಅಂಗಡಿಯಲ್ಲಿ ಪೈಪನ್ನು ಆರಿಸುವಾಗ ಅದು ಎಲ್ಲಿಂದ ಬಂತು ಎಂದು ಅಂಗಡಿಯವರನ್ನು ಕೇಳಿ. ಒಡೆದ ಗಿರಣಿಯದೋ, ಹಾಸ್ಟೆಲ್ಲಿನ ನೀರಿನ ಮಾರ್ಗದ್ದೋ, ಯಾರದೋ ಹಳೆಯ ಮನೆಯದೋ? ಅವರು ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದು, ತಾರೀಖು ಹಾಕಿ, ದೀಪದ ಬುಡದ ಹಲಗೆಗೆ ಕೆಳಗಿನಿಂದ ಅಂಟಿಸಿ. ನಾಳೆ ಅದನ್ನು ತಿರುಗಿಸಿ ನೋಡುವವರಿಗೆ ಅದು ಒಂದು ದಾಖಲೆಯಾಗುತ್ತದೆ. ಬಂದೂಕಿನ ನಳಿಗೆಗಳನ್ನು ದೀಪಕ್ಕೆ ಜೋಡಿಸಿದ ಆ ಹೆಸರಿಲ್ಲದ ಕೆಲಸಗಾರರು ಇಂಥ ಒಂದು ಚೀಟಿಯನ್ನು ಬಿಟ್ಟು ಹೋಗಿದ್ದರೆ ಇಂದು ನಮಗೆ ಎಷ್ಟು ವಿಷಯ ತಿಳಿಯುತ್ತಿತ್ತು, ಯೋಚಿಸಿ.